ಚೌಕಟ್ಟಿನ ಅಂಚಿಗೆ ಒಂದು ಕ್ಯಾಲೆಂಡರ್

ಅಡುಗೆಮನೆಯಲ್ಲಿ ಕೂತು ರೊಟ್ಟಿ ಬಡಿಯುವ ಅವ್ವನ ಫೋಟೋ ತೆಗೆಯೋಕೆ ನನಗೆ ಹನ್ನೊಂದು ವರ್ಷ ಬೇಕಾಯಿತು. ಕ್ಯಾಮೆರಾ ಕೊಂಡು ಅಷ್ಟು ವರ್ಷ ಆಗಿತ್ತು. ಲಕ್ಕುಂಡಿಗೆ ನಾಲ್ಕು ಸಲ ಹೋಗಿದ್ದೆ, ಹಂಪಿಗೆ ಹೋದದ್ದಕ್ಕೆ ಲೆಕ್ಕವಿಲ್ಲ, ರಜೆ ಸಿಕ್ಕರೆ ಸಾಕು ದಾಂಡೇಲಿ ಕಡೆ ಗಾಡಿ ತಿರುಗಿಸುತ್ತಿದ್ದೆ. ಧಾರವಾಡದ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ಕೇಳುವ ಆ ಟಪ್ ಟಪ್ ಸದ್ದಿನ ಕಡೆ ಮಾತ್ರ ಒಮ್ಮೆಯೂ ಕ್ಯಾಮೆರಾ ತಿರುಗಿಸಿರಲಿಲ್ಲ.

ಈ ಸಲ ಜಿಟಿ ಜಿಟಿ ಮಳೆ ಹಿಡಿಯಿತು ನೋಡಿ, ಬಿಡಲೇ ಇಲ್ಲ. ಎಲ್ಲಿಗೂ ಹೋಗೋ ಹಾಗಿರಲಿಲ್ಲ. ಸುಮ್ನೆ ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ಫೋಟೋ ತೆಗೆದೆ.

ಏನೂ ಚೆನ್ನಾಗಿರಲಿಲ್ಲ. ಅವ್ವ ಇದ್ದಳು, ಒಲೆ ಇತ್ತು, ಹಂಚು ಇತ್ತು. ಜೊತೆಗೆ ಸಿಲಿಂಡರ್, ಪ್ಲಾಸ್ಟಿಕ್ ಬಕೆಟ್, ಗೋಡೆಯ ಕ್ಯಾಲೆಂಡರ್, ಸ್ವಿಚ್ ಬೋರ್ಡ್, ಅರ್ಧ ಕತ್ತರಿಸಿ ಹೋದ ಫ್ರಿಜ್. ಕಣ್ಣು ಎಲ್ಲಿ ನಿಲ್ಲಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಟ್ಯೂಬ್‌ಲೈಟ್ ಬೆಳಕು ಎಲ್ಲದರ ಮೇಲೂ ಒಂದೇ ಸಮ ಬಿದ್ದಿತ್ತು. ರೊಟ್ಟಿಯಿಂದ ಏಳುವ ಹಬೆ ಕಣ್ಣಿಗೆ ಅಷ್ಟು ಚೆಂದ ಕಾಣುತ್ತಿತ್ತಲ್ಲ, ಫೋಟೋದಲ್ಲಿ ಅದರ ಸುಳಿವೇ ಇರಲಿಲ್ಲ.

ಮರುದಿನ ಮೊದಲು ಟ್ಯೂಬ್‌ಲೈಟ್ ಆರಿಸಿದೆ. ಅವ್ವ ಈಗಲೂ ಗ್ಯಾಸ್ ಒಲೆಯನ್ನು ನೆಲದ ಮೇಲೇ ಇಟ್ಟುಕೊಂಡು ಕೂತೇ ರೊಟ್ಟಿ ಮಾಡೋದು, ಹಾಗಾಗಿ ನಾನೂ ನೆಲಕ್ಕೆ ಕೂತೆ. ಅಲ್ಲಿಂದ ನೋಡಿದರೆ ಅದು ಬೇರೆಯೇ ಅಡುಗೆಮನೆ. ನಿಂತು ನೋಡಿದಾಗ ಕಾಣುತ್ತಿದ್ದದ್ದು ಅವ್ವನ ತಲೆ, ನೆಲ, ಪಾತ್ರೆ. ಕೂತಾಗ ಅವಳ ಕೈ ನನ್ನ ಕಣ್ಣಿನ ಮಟ್ಟಕ್ಕೆ ಬಂತು.

ಹಬೆಗೆ ಇನ್ನೂ ನಾಲ್ಕು ದಿನ ಹಿಡಿಯಿತು. ಹಬೆ, ಹೊಗೆ, ಹಿಟ್ಟಿನ ಧೂಳು, ಇವೆಲ್ಲ ಕಾಣಬೇಕಾದರೆ ಬೆಳಕು ಅವುಗಳ ಹಿಂದಿನಿಂದ ನಮ್ಮ ಕಡೆಗೆ ಬರಬೇಕು. ಆ ಸಣ್ಣ ಕಣಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆಲ್ಲುತ್ತವೆ. ಇಷ್ಟಾದರೂ ಸಾಲದು, ಹಿಂದೆ ಕಪ್ಪು ಇರಬೇಕು, ಬೆಳ್ಳಗಿನ ಗೋಡೆ ಇದ್ದರೆ ಬಿಳಿ ಹಬೆ ಅದರಲ್ಲೇ ಕರಗಿ ಹೋಗುತ್ತದೆ. ನಾನು ತೆವಳುತ್ತಾ ತೆವಳುತ್ತಾ ಮೂಲೆಗೆ ಹೋದೆ. ಅಲ್ಲಿಂದ ಕಿಟಕಿ ಅವ್ವನ ಹಿಂದೆ, ಸ್ವಲ್ಪ ಎಡಕ್ಕೆ, ಚೌಕಟ್ಟಿನಿಂದ ಒಂದು ಗೇಣು ಹೊರಗೆ ಉಳಿಯಿತು. ಅವಳ ಬೆನ್ನ ಹಿಂದೆ ಕತ್ತಲೆಯ ಉಗ್ರಾಣದ ಬಾಗಿಲು ಬಂತು. ಒದ್ದೆ ಅರಿವೆಯಿಂದ ರೊಟ್ಟಿಯ ಮೇಲೆ ನೀರು ಸವರಿದ ಕೂಡಲೇ ಹಬೆ ಎದ್ದಿತು, ಸಿಕ್ಕಿತು.

ಶಟರ್ ವೇಗವನ್ನೂ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಹೊತ್ತು ತೆರೆದಿರಬೇಕು ಅನ್ನೋದನ್ನೂ, ಬದಲಿಸಿ ಬದಲಿಸಿ ನೋಡಿದೆ. 1/500 ಸೆಕೆಂಡಿಗೆ ಇಟ್ಟರೆ ಕೈ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು. 1/60ಕ್ಕೆ ಇಟ್ಟಾಗ ಬಡಿಯುವ ಅಂಗೈ ಕೊಂಚ ಕಲಸಿಹೋಯಿತು, ರೊಟ್ಟಿಯ ಅಂಚು ಮಾತ್ರ ಸ್ಪಷ್ಟ ಉಳಿಯಿತು. ಅದೇ ಸರಿ ಅನ್ನಿಸಿತು. ಅವ್ವನ ಕೈ ನನಗೆ ದಿನಾ ಕಾಣೋದೂ ಹಾಗೇ ಅಲ್ವಾ.

ಫೋಟೋದ ಕಸುಬು ಕಲಿಯುವವರಿಗೆ ಎಲ್ಲರೂ ಹೇಳೋದು ಒಂದೇ, ಚೌಕಟ್ಟನ್ನು ಮೂರು ಪಾಲು ಮಾಡಿ, ಗೆರೆ ಕೂಡುವ ಕಡೆ ವಸ್ತುವನ್ನು ಇಡಿ ಅಂತ. ತಪ್ಪಲ್ಲ, ಆದರೆ ನನಗೆ ಅದು ಜಾಸ್ತಿ ಉಪಯೋಗಕ್ಕೆ ಬಂದಿಲ್ಲ. ನಾನು ನೋಡೋದು ನಾಲ್ಕು ಅಂಚುಗಳನ್ನು. ನಡುವೆ ಏನಿದೆ ಅಂತ ಹೇಗೂ ಗೊತ್ತಿರುತ್ತದೆ, ಅದಕ್ಕಾಗಿಯೇ ತಾನೇ ಕ್ಯಾಮೆರಾ ಎತ್ತಿದ್ದು. ಕೆಡಿಸೋದು ಅಂಚಿಗೆ ನುಸುಳಿದ ಮೊಣಕೈ, ಅರ್ಧ ಸ್ಕೂಟರ್, ವಿದ್ಯುತ್ ತಂತಿ. ಹೆಚ್ಚಿನ ಸಲ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅದು ಹೋಗುತ್ತದೆ. ಝೂಮ್ ಬಿಟ್ಟು, ಹತ್ತಿರ ದೂರ ಮಾಡೋಕೆ ಬಾರದ 50 ಎಂಎಂ ಲೆನ್ಸ್ ಒಂದನ್ನೇ ಹಾಕಿಕೊಂಡು ತಿರುಗಿದ ಮೇಲೆ ನನಗೆ ಈ ಸರಿಯೋದು ರೂಢಿಯಾಯಿತು.

ಇದೆಲ್ಲ ಬ್ಯಾಡಗಿಯಲ್ಲಿ ನನಗೆ ಗೊತ್ತಿರಲಿಲ್ಲ. ಹಾವೇರಿ ಜಿಲ್ಲೆಯ ಆ ಮೆಣಸಿನಕಾಯಿ ಮಾರುಕಟ್ಟೆಗೆ ಸುಗ್ಗಿಯ ಹೊತ್ತಿನಲ್ಲಿ ಹೋಗಿ, ಮುನ್ನೂರು ಫೋಟೋ ತೆಗೆದು, ಒಂದೂ ಸರಿಯಾಗದೆ ಬಂದಿದ್ದೆ. ಎಲ್ಲ ಬರೀ ಕೆಂಪು ಮುದ್ದೆ! ಬ್ಯಾಡಗಿ ಕಾಯಿಗೆ ಹೆಸರು ಬಂದದ್ದೇ ಬಣ್ಣಕ್ಕೆ, ಖಾರ ಕಡಿಮೆ, ಮೈಯೆಲ್ಲ ಸುಕ್ಕು. ಸುಕ್ಕೇ ಕಾಣದಿದ್ದರೆ ಅದು ಬ್ಯಾಡಗಿ ಕಾಯಿ ಹೇಗಾದೀತು? ಕಾರಣ ಆಮೇಲೆ ತಿಳಿಯಿತು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸಾಮಾನ್ಯ ಡಿಜಿಟಲ್ ಸೆನ್ಸರ್‌ನಲ್ಲಿ ಅರ್ಧ ಚುಕ್ಕೆಗಳು ಹಸಿರು ಬೆಳಕಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ. ಇಡೀ ಚೌಕಟ್ಟೇ ಕೆಂಪಾದಾಗ ಕೆಂಪಿನ ಪಾಲು ಮೊದಲೇ ತುಂಬಿ ತುಳುಕುತ್ತದೆ, ಒಟ್ಟು ಬೆಳಕು ಅಳೆಯುವ ಮೀಟರ್ ಮಾತ್ರ ಎಲ್ಲ ಸರಿ ಇದೆ ಅನ್ನುತ್ತದೆ. ಹಾಗಾಗಿ ಅಲ್ಲಿ ಕ್ಯಾಮೆರಾಕ್ಕೆ ಬೀಳುವ ಬೆಳಕನ್ನು ಬೇಕಂತಲೇ ಒಂದಿಷ್ಟು ಇಳಿಸಬೇಕು. ನಾನು ಹೋದದ್ದು ನಡು ಮಧ್ಯಾಹ್ನ ಬೇರೆ. ಎರಡನೇ ಸಲ ಸಂಜೆ ಹೋದೆ, ಓರೆ ಬಿಸಿಲಿಗೆ ಒಂದೊಂದು ಸುಕ್ಕಿಗೂ ಒಂದೊಂದು ನೆರಳು. ರಾಶಿಯನ್ನು ಬಿಟ್ಟು, ತೊಟ್ಟು ಬಿಡಿಸುತ್ತಾ ಕೂತಿದ್ದ ಒಬ್ಬ ಅಕ್ಕನನ್ನು ಕೇಳಿ, ಆಕೆಯ ಬೊಗಸೆಯಷ್ಟನ್ನೇ ತೆಗೆದೆ.

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಕಲಿತದ್ದು ಕಾಯೋದನ್ನು. ಮೊದಲು ಜನರ ಹಿಂದೆ ಓಡುತ್ತಿದ್ದೆ. ಈಗ ಒಳ್ಳೆ ಬೆಳಕು ಬಿದ್ದ ಒಂದು ಹಳೇ ಅಂಗಡಿ ಬಾಗಿಲು ನೋಡಿಕೊಂಡು, ಚೌಕಟ್ಟು ಕಟ್ಟಿ, ಯಾರಾದರೂ ಅದರೊಳಗೆ ಬರಲಿ ಅಂತ ನಿಲ್ಲುತ್ತೇನೆ. ಒಮ್ಮೆ ಮುಕ್ಕಾಲು ತಾಸು ನಿಂತಿದ್ದೆ. ಪಕ್ಕದ ಬಾಳೆಹಣ್ಣಿನ ಗಾಡಿಯವರು "ಯಾರ್ ಬರೂದೈತಿ ತಮ್ಮಾ?" ಅಂತ ಕೇಳಿದರು. ಗೊತ್ತಿಲ್ಲ ಕಾಕಾ ಅಂದೆ. ಅವರೇ ಒಂದು ಸ್ಟೂಲು ಕೊಟ್ಟರು.

ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು ಬಿಳುಪು ಚಿತ್ರಗಳನ್ನು ಆಗಾಗ ತೆಗೆದು ನೋಡುತ್ತಿರುತ್ತೇನೆ. ದಿನನಿತ್ಯ ಕಾಣುವ ಮಂದಿ, ಮಕ್ಕಳು. ಆ ಜನ ಯಾರೂ ಕ್ಯಾಮೆರಾಕ್ಕೆ ಹೆದರಿದ ಹಾಗೆ ಕಾಣೋದಿಲ್ಲ. ನನಗೆ ಅದು ಬಹಳ ದೊಡ್ಡದು ಅನ್ನಿಸುತ್ತದೆ.

ಅವ್ವನ ಫೋಟೋಗೆ ವಾಪಸ್ ಬರುತ್ತೇನೆ. ಆ ಚಿತ್ರ ನನಗೆ ಬಹಳ ಹಿಡಿಸಿತ್ತು. ಕತ್ತಲೆ, ಹಬೆ, ರೊಟ್ಟಿ, ಎರಡು ಕೈ. ಮೊಬೈಲಿನಲ್ಲಿ ತೋರಿಸಿದೆ. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಚಲೋ ಐತಿ. ಆದ್ರ ನಾ ಎಲ್ಲಿದೀನೋ ಇದ್ರಾಗ?"

ನನಗೆ ಉತ್ತರ ಹೊಳೆಯಲಿಲ್ಲ. ಮುಖ ಬೇಕಂತಲೇ ಬಿಟ್ಟಿದ್ದೆ. ಕೈಯಷ್ಟೇ ಇದ್ದರೆ ಚಿತ್ರ ಗಟ್ಟಿಯಾಗುತ್ತದೆ ಅಂತ ಲೆಕ್ಕ ಹಾಕಿದ್ದೆ. ಅವಳ ಪ್ರಶ್ನೆ ಎರಡು ದಿನ ತಲೆಯಲ್ಲೇ ಇತ್ತು.

ಮೂರನೇ ದಿನ ಮತ್ತೆ ಅದೇ ಮೂಲೆಯಲ್ಲಿ ಕೂತೆ, ಈ ಸಲ ಮೂರು ಅಡಿ ಹಿಂದೆ ಸರಿದು. ಅವ್ವನ ಮುಖ ಬಂತು, ಹಬೆಯ ಆ ಕಡೆ, ಅರ್ಧ ಬೆಳಕಿನಲ್ಲಿ. ಬಲಕ್ಕೆ ಸಿಲಿಂಡರ್ ಬಂತು. ಮೇಲೆ ಎಡ ಮೂಲೆಗೆ ಕ್ಯಾಲೆಂಡರ್ ಕೂಡ ಬಂತು. ಅದರ ಮೇಲೆ ಅವ್ವ ಬರೆದ ಹಾಲಿನ ಲೆಕ್ಕ, ಅರ್ಧ, ಒಂದು, ಅರ್ಧ, ದಿನಕ್ಕೊಂದು. ಎರಡು ಹೆಜ್ಜೆ ಸರಿದಿದ್ದರೆ ಅದನ್ನು ತೆಗೆಯಬಹುದಿತ್ತು. ಸರಿಯಲಿಲ್ಲ.

ಪ್ರಿಂಟ್ ಹಾಕಿಸಿ ತಂದುಕೊಟ್ಟೆ. ಅವ್ವ ಮೊದಲು ನೋಡಿದ್ದು ಕ್ಯಾಲೆಂಡರನ್ನು, "ಹದಿನಾಕನೇ ತಾರೀಕು ಹಾಲು ಬಂದಿರ್ಲಿಲ್ಲ ನೋಡು" ಅಂದಳು. ಆಮೇಲೆ ತನ್ನ ಮುಖವನ್ನು. ಈಗ ಆ ಫೋಟೋ ಅಡುಗೆಮನೆಯಲ್ಲೇ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುತ್ತಿದೆ.