ಫ್ಯಾನ್ ಆರಿಸಿದಾಗ ಕಪ್ಪಾಗುತ್ತಿದ್ದ ಟಿವಿ

ಕಳೆದ ನವರಾತ್ರಿಗೆ ಶಿವಮೊಗ್ಗದ ನಮ್ಮ ಮನೆಗೆ 43 ಇಂಚಿನ ಹೊಸ ಟಿವಿ ಬಂದಿತು. ಜಂಬೂಸವಾರಿಯ ನೇರ ಪ್ರಸಾರವನ್ನು ಈ ವರ್ಷವಾದರೂ ದೊಡ್ಡ ಪರದೆಯಲ್ಲಿ ನೋಡಬೇಕೆಂಬುದು ಅಪ್ಪನ ಆಸೆಯಾಗಿತ್ತು. ಅಂಗಡಿಯ ಹುಡುಗ ಅದನ್ನು ಗೋಡೆಗೆ ಕೂರಿಸಿ, ಹಳೆಯ ಸೆಟ್ ಟಾಪ್ ಬಾಕ್ಸನ್ನೇ ಜೋಡಿಸಿ ಹೋಗಿದ್ದ. ನಾನು ಬೆಂಗಳೂರಿನಿಂದ ಬಂದು ಚೀಲ ಇಳಿಸುವ ಹೊತ್ತಿಗೆ, ಟಿವಿ ಸರಿಯಿಲ್ಲ, ವಾಪಸ್ ಕೊಡಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿಬಿಟ್ಟಿತ್ತು.

ಎಲ್ಲರ ಮುಖವೂ ಉಬ್ಬಿ ಕಾಣುತ್ತದೆ, ಕೆಳಗೆ ಓಡುವ ಸುದ್ದಿಯ ಅಕ್ಷರಗಳು ಅರ್ಧಕ್ಕೇ ಕತ್ತರಿಸಿವೆ, ಚಿತ್ರ ಆಗಾಗ ಚೌಕ ಚೌಕವಾಗಿ ಒಡೆಯುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಪರದೆ ಇದ್ದಕ್ಕಿದ್ದಂತೆ ಎರಡು ಮೂರು ಸೆಕೆಂಡು ಪೂರ್ತಿ ಕಪ್ಪಾಗುತ್ತದೆ ಎಂಬುದು ದೂರು. ಅಂಗಡಿಗೆ ಫೋನ್ ಮಾಡಿದರೆ, ‘ಪ್ಯಾನೆಲ್ ಪ್ರಾಬ್ಲಂ ಇರಬಹುದು ಸಾರ್’ ಎಂಬ ಉತ್ತರ ಬಂತು. ನನಗೆ ನಂಬಿಕೆ ಬರಲಿಲ್ಲ. ಚಿತ್ರ ಒಡೆಯುತ್ತಿರುವಾಗಲೇ ಟಿವಿಯ ಮೆನು ತೆರೆದೆ. ಅದರ ಅಕ್ಷರಗಳು ಸ್ಪಷ್ಟವಾಗಿದ್ದವು. ಪೆನ್‌ಡ್ರೈವಿನಲ್ಲಿದ್ದ ತಂಗಿಯ ಮದುವೆಯ ವಿಡಿಯೋವನ್ನು ಅರ್ಧ ಗಂಟೆ ಓಡಿಸಿದರೂ ಒಂದು ಚುಕ್ಕೆ ಕದಲಲಿಲ್ಲ. ಅಲ್ಲಿಗೆ ದೋಷ ಟಿವಿಯಲ್ಲಲ್ಲ, ಟಿವಿಗೆ ಬಂದು ಸೇರುವ ದಾರಿಯಲ್ಲಿದೆ ಎಂಬುದು ಖಚಿತವಾಯಿತು.

ಮುಖದ ಉಬ್ಬರ ಸುಲಭವಾಗಿ ಇಳಿಯಿತು. ಬಾಕ್ಸ್ ಇನ್ನೂ ಹಳೆಯ ಡಬ್ಬಾ ಟಿವಿಯ 4:3 ಅಳತೆಯಲ್ಲೇ ಇತ್ತು; ಅದನ್ನು 16:9 ಮಾಡಿದೆ. ಚಿತ್ರದ ಅಂಚನ್ನು ಸ್ವಲ್ಪ ಕತ್ತರಿಸಿ ತೋರಿಸುವುದು ಹಳೆಯ ಪಿಕ್ಚರ್ ಟ್ಯೂಬಿನ ಕಾಲದ ಅಭ್ಯಾಸ. ಹೊಸ ಟಿವಿಯೂ ಅದನ್ನು ಬಿಟ್ಟಿರಲಿಲ್ಲವಾದ್ದರಿಂದ, ಪಿಕ್ಚರ್ ಸೈಜ್ ಬದಲಿಸಿ ಅದನ್ನೂ ನಿಲ್ಲಿಸಿದೆ.

ಚೌಕಗಳ ವಿಷಯಕ್ಕೆ ತಾರಸಿ ಹತ್ತಬೇಕಾಯಿತು. ಜೋರು ಮಳೆಯಲ್ಲಿ ಡಿಶ್ ಚಿತ್ರ ಹೋಗುವುದು ಸಹಜ. ಉಪಗ್ರಹದಿಂದ ಡಿಶ್‌ಗೆ ಚಿತ್ರ ಹೊತ್ತು ತರುವ ಕೆಯು ಬ್ಯಾಂಡ್ ರೇಡಿಯೋ ಅಲೆಗಳನ್ನು ಮಳೆಹನಿಗಳೇ ನುಂಗಿಬಿಡುತ್ತವೆ. ಆದರೆ ನಮ್ಮಲ್ಲಿ ಬಿಸಿಲಿನಲ್ಲೂ ಚಿತ್ರ ಒಡೆಯುತ್ತಿತ್ತು. ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿಗೆ, ಅಂದರೆ ಎಲ್‌ಎನ್‌ಬಿಗೆ, ಕೇಬಲ್ ಸೇರುವ ಕಡೆ ಕನೆಕ್ಟರ್ ತಿರುಗಿಸಿ ಬಿಚ್ಚಿದಾಗ, ಒಳಗಿನಿಂದ ಒಂದು ಹನಿ ನೀರು ಅಂಗೈಗೆ ಬಿತ್ತು. ತಾಮ್ರದ ತಂತಿಯ ತುದಿ ಹಸಿರು ಕಿಲುಬು ಹಿಡಿದಿತ್ತು. ಎರಡು ಇಂಚು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ಟೇಪು ಸುತ್ತಿದೆ. ತೂಗಾಡುತ್ತಿದ್ದ ಸಿಗ್ನಲ್ ಕ್ವಾಲಿಟಿ ಒಂದೆಡೆ ನಿಂತಿತು.

ಉಳಿದದ್ದು ಕಪ್ಪು ಪರದೆ. ಅದು ನನ್ನನ್ನು ಎರಡು ಸಂಜೆ ಆಡಿಸಿತು. ನಾನು ಎದುರು ಕೂತಾಗ ಬರುತ್ತಿರಲಿಲ್ಲ. ಎದ್ದು ಹೋದರೆ ಬರುತ್ತಿತ್ತು. ಕೊನೆಗೆ ಅಮ್ಮ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ, ಅರ್ಧ ಲೀಟರು ಒಂದು ಲೀಟರುಗಳ ನಡುವೆಯೇ, ಪರದೆ ಕಪ್ಪಾದ ಹೊತ್ತನ್ನು ಪೆನ್ಸಿಲಿನಲ್ಲಿ ಗುರುತು ಹಾಕತೊಡಗಿದರು: 6.40, 7.15, 8.05. ಅದನ್ನು ಓದಿದ ಅಪ್ಪ, ‘6.40ಕ್ಕೆ ನಾನು ಸಂಧ್ಯಾವಂದನೆಗೆ ಎದ್ದದ್ದಲ್ಲವೇ?’ ಎಂದರು. ಅವರು ಟಿವಿಯ ಮುಂದಿನಿಂದ ಏಳುವಾಗಲೆಲ್ಲ ಫ್ಯಾನ್ ಆರಿಸಿಯೇ ಏಳುವವರು. ನಾನು ಸ್ವಿಚ್ಚಿನ ಬಳಿ ನಿಂತು ಹತ್ತು ಸಲ ಹಾಕಿ ಆರಿಸಿದೆ. ಹಾಕಿದಾಗ ಏನೂ ಆಗಲಿಲ್ಲ; ಆರಿಸಿದಾಗ ಏಳು ಸಲ ಪರದೆ ಕಪ್ಪಾಯಿತು.

ಫ್ಯಾನಿನ ಸುರುಳಿಯಲ್ಲಿ ಹರಿಯುತ್ತಿರುವ ವಿದ್ಯುತ್ತನ್ನು ಥಟ್ಟನೆ ಕಡಿದರೆ ಸ್ವಿಚ್ಚಿನೊಳಗೆ ಕಿಡಿ ಹಾರುತ್ತದೆ, ಆ ಕಿಡಿಯಿಂದ ರೇಡಿಯೋ ಅಲೆಗಳ ಗದ್ದಲ ಏಳುತ್ತದೆ. ಹಿಂದೆ ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದರೂ ನಮ್ಮ ದೂರದರ್ಶನದಲ್ಲಿ ಚುಕ್ಕೆಗಳ ಮಳೆ ಸುರಿಯುತ್ತಿದ್ದುದು ಇಂಥದೇ ಗದ್ದಲದಿಂದ. ಆದರೆ ಮಳೆಯ ಹಿಂದೆ ಚಿತ್ರವಿರುತ್ತಿತ್ತು. ಬಾಕ್ಸಿನಿಂದ ಟಿವಿಗೆ ಚಿತ್ರ ಒಯ್ಯುವ ಈಗಿನ ಎಚ್‌ಡಿಎಂಐ ತಂತಿ ಹಾಗಲ್ಲ. ಸಂಕೇತ ಒಮ್ಮೆ ತಪ್ಪಿದರೆ ಬಾಕ್ಸೂ ಟಿವಿಯೂ ಮತ್ತೆ ಮೊದಲಿನಿಂದ ಪರಸ್ಪರ ಗುರುತು ಹಿಡಿಯಬೇಕು, ಅಷ್ಟರವರೆಗೆ ಪರದೆ ಕಪ್ಪು. ನಮ್ಮಲ್ಲಿದ್ದದ್ದು ಅಗ್ಗದ, ಐದು ಮೀಟರಿನ ತಂತಿ. ಅದರ ಹೆಚ್ಚಿನ ಭಾಗವನ್ನು ಹುಡುಗ ಅಂದವಾಗಿ ಸುತ್ತಿ ಎಕ್ಸ್‌ಟೆನ್ಷನ್ ಬಾಕ್ಸಿನ ಬೆನ್ನಿಗೇ ಕಟ್ಟಿದ್ದ. ಒಂದೂವರೆ ಮೀಟರಿನ, ಒಳ್ಳೆಯ ಕವಚವಿರುವ ತಂತಿ ತಂದು ಎಕ್ಸ್‌ಟೆನ್ಷನ್ ಬಾಕ್ಸಿನಿಂದ ದೂರವಾಗಿ ಎಳೆದೆ. ಮತ್ತೆ ಇಪ್ಪತ್ತು ಸಲ ಫ್ಯಾನ್ ಆರಿಸಿದೆ. ಚಿತ್ರ ಅಲುಗಲಿಲ್ಲ.

ಅಪ್ಪನ ಮೆಚ್ಚಿನ ಚಾನೆಲ್ ಮಾತ್ರ ಮಸುಕಾಗಿಯೇ ಉಳಿಯಿತು. ಅದಕ್ಕೆ ನನ್ನಲ್ಲಿ ಮದ್ದಿರಲಿಲ್ಲ. ಅದು ಬರುವುದೇ ಎಸ್‌ಡಿಯಲ್ಲಿ, ಅಂದರೆ ಕಡಿಮೆ ಚುಕ್ಕೆಗಳ ಹಳೆಯ ಗುಣಮಟ್ಟದಲ್ಲಿ. ಎಸ್‌ಡಿ ಚಿತ್ರದಲ್ಲಿರುವುದು 720×576 ಚುಕ್ಕೆಗಳು, ನಮ್ಮ ಹೊಸ ಟಿವಿಯ 4ಕೆ ಪರದೆಯಲ್ಲಿರುವುದು 3840×2160. ಲೆಕ್ಕ ಹಾಕಿದರೆ ಬಂದ ಒಂದು ಚುಕ್ಕೆಗೆ ಟಿವಿ ಇಪ್ಪತ್ತನ್ನು ತುಂಬಿಸಬೇಕು. ಅಪ್ಪನ ಕುರ್ಚಿಯನ್ನು ನಾಲ್ಕು ಅಡಿ ಹಿಂದಕ್ಕೆ ಸರಿಸಿದೆ. ಅದೀಗ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿದೆ.

ವಿಜಯದಶಮಿಯ ಮಧ್ಯಾಹ್ನ ಅಂಬಾರಿ ಹೊತ್ತ ಆನೆ ಅರಮನೆಯ ಅಂಗಳದಲ್ಲಿ ಹೆಜ್ಜೆ ಹಾಕುವಾಗ ಚಿತ್ರ ಸ್ವಚ್ಛವಾಗಿತ್ತು. ತಂತಿ ಬದಲಿಸಿದ್ದೇನೆಂದು ನಾನು ಎಷ್ಟು ಹೇಳಿದರೂ ಕೇಳದೆ, ಅಮ್ಮ ಸ್ವಿಚ್ ಬೋರ್ಡಿನ ಕೆಳಗೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೆರವಣಿಗೆ ಮುಗಿಯುವವರೆಗೂ ಯಾರಿಗೂ ಫ್ಯಾನ್ ಮುಟ್ಟಲು ಬಿಡಲಿಲ್ಲ.