ಲೆವೆಲ್ 6.4 ಇತ್ತು, ರಾತ್ರಿಯ ಡೋಸ್ ಇರಲಿಲ್ಲ

ನನ್ನ ರೋಗಿಯೊಬ್ಬರಿಗೆ ಕಿಡ್ನಿ ಕಸಿಯಾಗಿ ಮೂರನೇ ವರ್ಷ. 1.1 ಇದ್ದ ಕ್ರಿಯಾಟಿನಿನ್ 1.9ಕ್ಕೆ ಏರಿತ್ತು, ಅಂದರೆ ಕಿಡ್ನಿ ಸೋಲುತ್ತಿತ್ತು. ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆ ರಕ್ತದಲ್ಲಿ ಎಷ್ಟಿದೆ ಎಂದು ತೋರಿಸುವ ಟ್ಯಾಕ್ರೊ ಲೆವೆಲ್ ಮಾತ್ರ 6.4, ಸರಿಯಾಗೇ ಇತ್ತು. "ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಅಂದೆ. "ತಗೋತಿದ್ದೀನಿ ಮೇಡಂ" ಅಂದರು. ಲೆವೆಲ್ಲೂ ಹಾಗೇ ಹೇಳುತ್ತಿತ್ತಲ್ಲ, ನಂಬಿದೆ. ಭೇದಿ ಆಗಿತ್ತಾ, ನೋವಿನ ಮಾತ್ರೆ ನುಂಗಿದ್ರಾ ಎಂದೆಲ್ಲ ಕೇಳಿ, ವಾರ ಬಿಟ್ಟು ರಿಪೀಟ್ ಮಾಡೋಣ ಎಂದು ಕಳಿಸಿದೆ. ಆ ಒಂದು ವಾರ ವ್ಯರ್ಥವಾಯಿತು. ಈಗಲೂ ಚುಚ್ಚುತ್ತದೆ.

ರಿಪೀಟ್ ಕ್ರಿಯಾಟಿನಿನ್ 2.3 ಬಂತು. ಅವತ್ತು ಮಾತ್ರೆ ಚೀಲವನ್ನೇ ಟೇಬಲ್ ಮೇಲೆ ಸುರಿಸಿದೆ. ಟ್ಯಾಕ್ರೊ 1 ಮಿ.ಗ್ರಾಂ ಕ್ಯಾಪ್ಸೂಲು ಬೆಳಿಗ್ಗೆ 2, ರಾತ್ರಿ 2, ತಿಂಗಳಿಗೆ 120. ಕೊಟ್ಟು 28 ದಿನವಾಗಿದ್ದರಿಂದ 8 ಉಳಿಯಬೇಕಿತ್ತು. ಸ್ಟ್ರಿಪ್ ಎಣಿಸುತ್ತಾ ಹೋದೆ, ಅವರು ನನ್ನ ಬೆರಳನ್ನೇ ನೋಡುತ್ತಾ ಕೂತಿದ್ದರು. 52 ಇತ್ತು. ಅಂದರೆ 22 ಡೋಸ್ ಹೊಟ್ಟೆಗೆ ಹೋಗೇ ಇರಲಿಲ್ಲ.

"ಈ ಮಾತ್ರೆಗೆ ಕೈ ನಡುಗುತ್ತೆ ಮೇಡಂ, ಪೆನ್ ಹಿಡಿಯೋಕಾಗಲ್ಲ. ಹುಷಾರಾಗೇ ಇದ್ದೀನಲ್ಲ, ಒಂದು ಹೊತ್ತು ಸಾಕು ಅನ್ನಿಸ್ತು. ರಕ್ತ ಕೊಡೋ ಮುಂಚೆ ಮೂರು ದಿನ ಎರಡೂ ಹೊತ್ತು ತಗೋತಿದ್ದೆ, ಬೈತೀರಿ ಅಂತ."

ಟ್ರಫ್, ಅಂದರೆ ಮುಂದಿನ ಡೋಸ್ ನುಂಗುವ ಮುಂಚೆ ನೋಡುವ ಲೆವೆಲ್, ಹೇಳುವುದು ಹಿಂದಿನ ಎರಡು ಮೂರು ದಿನದ ಕಥೆ, ತಿಂಗಳದ್ದಲ್ಲ. ಹಳೇ ರಿಪೋರ್ಟುಗಳನ್ನು ಸಾಲಾಗಿ ಇಟ್ಟಾಗ 7.8, 3.1, 6.9, 2.6. ಡೋಸ್ ಬದಲಾಗಿಲ್ಲ, ಲೆವೆಲ್ ಏರಿಸುವ ಫ್ಲೂಕೊನಜೋಲ್ ಥರದ ಹೊಸ ಔಷಧಿ ಸೇರಿಲ್ಲ. ಆದರೂ ಈ ಏರಿಳಿತ. ರಕ್ತ ಕೊಡುವ ಮೂರು ದಿನ ಮುಂಚೆ ಎರಡೂ ಹೊತ್ತು ತಗೊಳ್ಳಲು ಅವರಿಗೆ ನೆನಪಾಗದ ತಿಂಗಳುಗಳಲ್ಲಿ ಲೆವೆಲ್ ಬಿದ್ದಿತ್ತು, ಅಷ್ಟೇ. ನಮ್ಮ ಸಾಫ್ಟ್‌ವೇರ್ ತೋರಿಸುವುದು ಕೊನೆಯ ಒಂದು ಲೆವೆಲ್ ಮಾತ್ರ; ಪಕ್ಕದಲ್ಲಿ 'ಕಂಪ್ಲಯನ್ಸ್ (ಮಾತ್ರೆ ತಪ್ಪದೆ ತಗೊಳ್ಳುವುದು): ಹೌದು/ಇಲ್ಲ'. ಗ್ರಾಫ್ ಹಾಕಿಕೊಡಿ ಎಂದು ಕೇಳಿ ಕೇಳಿ ಸಾಕಾಗಿದೆ.

ಬಯಾಪ್ಸಿಯಲ್ಲಿ ರಿಜೆಕ್ಷನ್ (ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸುತ್ತಿತ್ತು), ದಾನಿಯ ಕಿಡ್ನಿಯ ವಿರುದ್ಧ ಹುಟ್ಟುವ ಪ್ರತಿಕಾಯಗಳಾದ ಡಿಎಸ್‌ಎ ಪಾಸಿಟಿವ್. ಮೂರು ದಿನ ಪಲ್ಸ್, ಅಂದರೆ ದೊಡ್ಡ ಡೋಸಿನ ಸ್ಟೆರಾಯ್ಡ್, ಕೊಟ್ಟೆವು. ಕ್ರಿಯಾಟಿನಿನ್ 1.6ಕ್ಕೆ ಇಳಿದು ಅಲ್ಲೇ ನಿಂತಿತು.

ಕಸಿಯಾದ ಹೊಸದರಲ್ಲಿ ಭಯಕ್ಕೆ ಯಾರೂ ಅಷ್ಟಾಗಿ ತಪ್ಪಿಸುವುದಿಲ್ಲ. ಮೈ ಸುಧಾರಿಸಿದ ಮೇಲೇ ಕಷ್ಟ. ಒಂದು ಹೊತ್ತು ಬಿಟ್ಟರೆ ಏನೂ ಆಗುವುದಿಲ್ಲ: ನೋವಿಲ್ಲ, ಮೂತ್ರ ಕಮ್ಮಿಯಾಗುವುದಿಲ್ಲ. ಬಿಟ್ಟರೂ ನಡೆಯುತ್ತದೆ ಅನ್ನಿಸುವುದು ಅಲ್ಲೇ. ಸ್ಟೆರಾಯ್ಡಿನಿಂದ ಮುಖ ಊದಿತೆಂದು ಬಿಡುವವರಿದ್ದಾರೆ, ಟ್ಯಾಕ್ರೊ ಜೊತೆ ಕೊಡುವ ಮೈಕೊಫಿನೊಲೇಟ್ ಹೊಟ್ಟೆ ಕೆಡಿಸುತ್ತದೆಂದು ಬಿಡುವವರೂ ಇದ್ದಾರೆ. ಮಗು ಬೇಕೆಂದು ಅದನ್ನು ತಾವೇ ನಿಲ್ಲಿಸಿದವರೂ ಇದ್ದಾರೆ. ಗರ್ಭಕ್ಕೆ ಅದು ಹಾನಿ, ನಿಲ್ಲಿಸಲೇಬೇಕು ನಿಜ. ಆದರೆ ಮೊದಲೇ ಹೇಳಿದ್ದರೆ ಗರ್ಭಿಣಿಯರಿಗೂ ಕೊಡಬಹುದಾದ ಅಜಾಥಿಯೋಪ್ರಿನ್‌ಗೆ ಬದಲಾಯಿಸಬಹುದಿತ್ತು. ಇವರ್ಯಾರೂ ಅಸಡ್ಡೆಯವರಲ್ಲ. ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ ಎಂದು ಸುಮ್ಮನಿರುತ್ತಾರೆ.

ಈಗ ಒಪಿಡಿಯಲ್ಲಿ ಕೇಳುವುದು, "ಹೋದ ಎರಡು ವಾರದಲ್ಲಿ ಎಷ್ಟು ಹೊತ್ತು ತಪ್ಪಿತು? ಬೆಳಗಿಂದಾ, ರಾತ್ರಿದಾ?" ತಪ್ಪೇ ತಪ್ಪಿರುತ್ತದೆ ಎಂದುಕೊಂಡೇ ಕೇಳಿದರೆ ಜನ ಬಾಯಿ ಬಿಡುತ್ತಾರೆ. ಕೊನೆಯ ಡೋಸ್ ಎಷ್ಟು ಗಂಟೆಗೆ, ರಕ್ತ ತೆಗೆದದ್ದು ಎಷ್ಟು ಗಂಟೆಗೆ, ಎರಡನ್ನೂ ಬರೆದುಕೊಳ್ಳುತ್ತೇವೆ. ಬೆಳಗಿನ ಮಾತ್ರೆ ನುಂಗಿ ಬಂದವರ ಲೆವೆಲ್ ಸುಳ್ಳೇ ಹೆಚ್ಚು ಬರುತ್ತದೆ, ಅದನ್ನು ನಂಬಿ ಡೋಸ್ ಇಳಿಸಿದರೆ ಮುಗಿಯಿತು. ತಪ್ಪಿದ್ದಕ್ಕೆ ಮುಂದಿನ ಹೊತ್ತು ಎರಡರಷ್ಟು ನುಂಗಬೇಡಿ ಎಂದೂ ಪ್ರತಿ ಸಲ ಹೇಳಬೇಕು.

ಆ ರೋಗಿಯನ್ನು ದಿನಕ್ಕೊಂದೇ ಸಲದ ಟ್ಯಾಕ್ರೊಗೆ ಬದಲಾಯಿಸಿದ ಮೇಲೆ ನಡುಕ ಸುಮಾರು ಕಮ್ಮಿಯಾಗಿದೆ. ಹಿಂದಿನ ವರ್ಷವೇ ಬದಲಾಯಿಸಬಹುದಿತ್ತು. "ಕೈ ನಡುಕ" ಎಂದು ಫೈಲಿನಲ್ಲಿ ಎರಡು ಕಡೆ ಬರೆದಿದೆ, ಬರೆದವಳು ನಾನೇ.