ಮೀಟರ್ ಇದ್ದ ಮೇಲೆ ಮಾಡೆಲ್ ಯಾಕೆ?

"ಸದ್ದು ಎಷ್ಟು ಜೋರು ಅಂತ ಡೆಸಿಬಲ್ ಮೀಟರೇ ಹೇಳುತ್ತದಲ್ಲ, ಮತ್ತೆ ಕಂಪ್ಯೂಟರ್ ಮಾಡೆಲ್ ಯಾಕೆ?" ಸದ್ದು ನಮಗೆ ಎಷ್ಟು ಜೋರು ಅನ್ನಿಸುತ್ತದೆ ಅಂತ ಲೆಕ್ಕ ಹಾಕುವ ಮಾಡೆಲ್ ಕಟ್ಟುವುದು ನನ್ನ ಕೆಲಸ ಎಂದು ಹೇಳಿದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ.

ಮೀಟರ್ ಅಳೆಯುವುದು ಗಾಳಿಯಲ್ಲಿನ ಒತ್ತಡದ ಏರಿಳಿತವನ್ನು. ಜೋರು ಅನ್ನಿಸುವುದು ನಮಗೆ, ಗಾಳಿಗಲ್ಲ. 1933ರಲ್ಲಿ ಅಮೆರಿಕದ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ ಜನರಿಗೆ ಬೇರೆ ಬೇರೆ ಸ್ವರ ಕೇಳಿಸಿ, ಯಾವುದು ಯಾವುದಕ್ಕೆ ಸಮ ಅಂತ ಹೋಲಿಸಲು ಹೇಳಿದರು. 1000 ಹರ್ಟ್ಸ್‌ನ (ಅಂದರೆ ಸೆಕೆಂಡಿಗೆ 1000 ಕಂಪನದ) ಸ್ವರ 40 ಡೆಸಿಬಲ್‌ನಲ್ಲಿ ಎಷ್ಟು ಜೋರು ಅನ್ನಿಸುತ್ತದೋ, ಅಷ್ಟೇ ಜೋರು ಅನ್ನಿಸಲು 100 ಹರ್ಟ್ಸ್‌ನ ದಪ್ಪ ಸ್ವರಕ್ಕೆ 60 ಡೆಸಿಬಲ್‌ಗಿಂತ ಜಾಸ್ತಿ ಬೇಕು.

ಮೀಟರಿನ 'ಎ' ವೇಟಿಂಗ್, ಅಂದರೆ ದಪ್ಪ ಸ್ವರಗಳನ್ನು ಕಡಿಮೆ ಲೆಕ್ಕಕ್ಕೆ ಹಿಡಿಯುವ ವ್ಯವಸ್ಥೆ, ಇದನ್ನು ಸ್ವಲ್ಪ ಸರಿ ಮಾಡುತ್ತದೆ, ನಿಜ. ಅದು ಸೋಲುವುದು ಸದ್ದುಗಳು ಸೇರಿದಾಗ. 60 ಡೆಸಿಬಲ್‌ನ 1000 ಹರ್ಟ್ಸ್ ಸ್ವರಕ್ಕೆ ಅಷ್ಟೇ ಬಲದ 1050 ಹರ್ಟ್ಸ್ ಸ್ವರ ಸೇರಿಸಿ. ಆಮೇಲೆ ಆ 1050ರ ಸ್ವರ ತೆಗೆದು ಅಷ್ಟೇ ಬಲದ 4000 ಹರ್ಟ್ಸ್ ಸ್ವರ ಸೇರಿಸಿ. ಮೀಟರ್ ಎರಡು ಸಲವೂ ಸುಮಾರು 63 ತೋರಿಸುತ್ತದೆ. ಆದರೆ ನಿಮಗೆ ಒಂಟಿ 1000 ಹರ್ಟ್ಸ್ ಸ್ವರಕ್ಕಿಂತ ಮೊದಲನೆಯದು ಬರೀ ಕಾಲು ಭಾಗದಷ್ಟು ಜಾಸ್ತಿ ಅನ್ನಿಸುತ್ತದೆ, ಎರಡನೆಯದು ಹತ್ತಿರ ಹತ್ತಿರ ಎರಡು ಪಟ್ಟು!

ಕಾರಣ ಒಳಕಿವಿಯಲ್ಲಿದೆ. ಅಲ್ಲಿರುವ ಸುರುಳಿಯಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಜಾಗ, ಮತ್ತು ಪ್ರತಿ ಜಾಗವೂ ತನಗೆ ಬಂದ ಸದ್ದನ್ನು ತಾನೇ ಅದುಮುತ್ತದೆ, ಎಷ್ಟರ ಮಟ್ಟಿಗೆ ಅಂದರೆ ಶಕ್ತಿ ಹತ್ತು ಪಟ್ಟಾದರೂ ನಮಗೆ ಜೋರು ಎರಡು ಪಟ್ಟು ಮಾತ್ರ. 1000 ಮತ್ತು 1050ರಂತೆ ಹತ್ತಿರವಿದ್ದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಿದ್ದ ಎರಡು ಸ್ವರ ಒಟ್ಟಿಗೆ ಅದುಮಿಸಿಕೊಳ್ಳುತ್ತವೆ. ದೂರದ ಸ್ವರಗಳು ಬೇರೆ ಬೇರೆಯಾಗಿ ಅದುಮಿಸಿಕೊಂಡು ಆಮೇಲೆ ಕೂಡಿಕೊಳ್ಳುತ್ತವೆ. ಜರ್ಮನ್ ವಿಜ್ಞಾನಿ ತ್ಸ್ವಿಕರ್ ಅವರ ಮಾಡೆಲ್ ಮಾಡುವುದೂ ಇದನ್ನೇ: ಸದ್ದನ್ನು ದಪ್ಪ ಸ್ವರದಿಂದ ತೆಳು ಸ್ವರದವರೆಗೆ 24 ಪಟ್ಟಿಗಳಾಗಿ ಬಿಡಿಸಿ, ಪ್ರತಿಯೊಂದನ್ನೂ ಅದುಮಿ, ಕೊನೆಗೆ ಕೂಡಿಸಿ, ನಮಗೆ ಅನ್ನಿಸುವ ಜೋರನ್ನು ಅಳೆಯುವ 'ಸೋನ್' ಲೆಕ್ಕದಲ್ಲಿ ಉತ್ತರ ಕೊಡುತ್ತದೆ. ಮೊದಲು ಅದುಮಿ ಆಮೇಲೆ ಕೂಡಿಸುವ ಈ ಕ್ರಮವೇ ಅದರ ಜೀವ.

ಇದು ಸುಮ್ನೆ ಲೆಕ್ಕದ ಆಟ ಅಲ್ಲ. ಕಿವಿ ಮಂದವಾದ ಹಿರಿಯರಿಗೆ ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ, ದನಿ ಏರಿಸಿದರೆ "ಯಾಕೆ ಹಾಗೆ ಕಿರುಚುತ್ತೀಯಾ" ಅಂತಾರೆ, ಅಲ್ವಾ? ಅವರದು ಹಟ ಅಲ್ಲ. ಅದುಮುವ ಜೀವಕೋಶಗಳು ಹಾಳಾಗಿರುತ್ತವೆ, ಹಾಗಾಗಿ ಕೇಳಿಸಲು ಶುರುವಾದ ಸದ್ದು ಸರ್ರನೆ ಏರಿಬಿಡುತ್ತದೆ. ಮಾಡೆಲ್‌ನಲ್ಲಿ ಅದುಮುವಿಕೆಯನ್ನು ಕಡಿಮೆ ಮಾಡಿದರೆ ಇದೇ ನಡವಳಿಕೆ ಕಾಣುತ್ತದೆ. ಅದಕ್ಕೇ ಒಳ್ಳೆಯ ಶ್ರವಣ ಸಾಧನ ಪಿಸುಮಾತನ್ನು ಜಾಸ್ತಿ ಹಿಗ್ಗಿಸುತ್ತದೆ, ಕೂಗನ್ನು ಕಡಿಮೆ.